ಗುಡಿಯ ಮೇಲಿನ ಚೊಂಬು

ನಮ್ಮ ಮನೆಯಲ್ಲಿ ಅನುಮಾನ ಒಗ್ಗರಣೆಯಿದ್ದ ಹಾಗೆ. ಅದಿಲ್ಲದೆ ಯಾವುದೂ ಆಗುತ್ತಿರಲಿಲ್ಲ. ಹಾಲಿನವನು ನೀರು ಬೆರೆಸುತ್ತಾನೆ, ಇಸ್ತ್ರಿಯವನು ಅಪ್ಪನ ಅಂಗಿ ತೊಟ್ಟು ತಿರುಗುತ್ತಾನೆ, ನಲ್ಲಿ ನಮ್ಮ ಸರದಿಗೇ ಸಣ್ಣಗಾಗುತ್ತದೆ ಎಂದೆಲ್ಲ ಅಮ್ಮ ನಂಬಿದ್ದಳು. ಮೈಸೂರಿನಿಂದ ಹೊರಟಾಗ ಯಾರೋ ಅವಳಿಗೆ, ಮುಂಬಯಿಯಲ್ಲಿ ಕಣ್ಣು ಮುಚ್ಚಿದರೆ ಸೀರೆಯ ಸೆರಗೂ ಉಳಿಯುವುದಿಲ್ಲ ಎಂದು ಹೆದರಿಸಿದ್ದರಂತೆ. ಅಪ್ಪ ನಗುತ್ತಿದ್ದರು. ನಾನು ಮಾತ್ರ ಅಮ್ಮನ ಪಕ್ಷ.

ಎಂಬತ್ತರ ದಶಕದ ಆ ವರ್ಷಗಳಲ್ಲಿ ನಾವಿದ್ದದ್ದು ಜೋಗೇಶ್ವರಿಯ ಒಂದು ಚಾಳಿನಲ್ಲಿ. ಯುಗಾದಿಗೆ ಮುಂಚಿನ ಭಾನುವಾರ ಮನೆ ತೊಳೆಯುವ ದಿನ. ಪಕ್ಕದ ಮನೆಯ ಮರಾಠಿ ಕಾಕೂಗೂ ಯುಗಾದಿಯ ದಿನವೇ ಪಾಡ್ವಾ ಹಬ್ಬವಾದ್ದರಿಂದ ಎರಡೂ ಮನೆಯ ಸಾಮಾನು ಒಟ್ಟಿಗೇ ಗ್ಯಾಲರಿಗೆ ಬರುತ್ತಿತ್ತು. ಅವರ ಉದ್ದ ಕೋಲಿನ ಪೊರಕೆ ನಮ್ಮ ಜೇಡರ ಬಲೆಗೆ, ಅಮ್ಮ ನೆನೆಸಿದ ಹುಣಸೆಹಣ್ಣು ಅವರ ಹಿತ್ತಾಳೆಗೆ. ನಾನು ಹಾಸಿಗೆಗಳನ್ನು ಕಟಕಟೆಗೆ ಹಾಕಿ ಬಡಿಯುತ್ತಿದ್ದೆ. ಧೂಳೆಲ್ಲ ಕೆಳಗಿನ ಮನೆಯವರ ಪಾಲು.

ಆ ವರ್ಷ ಎಲ್ಲವನ್ನೂ ಒಳಗೆ ತಂದು ಜೋಡಿಸಿದಾಗ ಬೆಳ್ಳಿ ಚೊಂಬು ಕಾಣಲಿಲ್ಲ. ಅಜ್ಜಿ ಸಾಯುವ ಮುಂಚೆ ಅಮ್ಮನ ಕೈಗಿತ್ತದ್ದು. ಕತ್ತಿನ ಬಳಿ ಅಜ್ಜಿಯ ಹೆಸರು ಕೆತ್ತಿತ್ತು. ಹಬ್ಬಕ್ಕೆ ಕಲಶ ಇಡುವುದು ಅದರಲ್ಲೇ. ಅಮ್ಮ ಗ್ಯಾಲರಿಗೂ ಒಳಕ್ಕೂ ಓಡಾಡಿದಳು. ಹುಡುಕುತ್ತಿದ್ದಾಗ ಗೋಡೆಯಾಚೆ ಕಾಕೂ ತಮ್ಮ ಗಂಡನಿಗೆ ಹೇಳಿದ್ದು ಕೇಳಿಸಿತು: "ತೋ ತಾಂಬ್ಯಾ ಅಡಗಳೀತ್ ಠೇವಾ."

ತಾಂಬ್ಯಾ ಎಂದರೆ ಚೊಂಬು ಎನ್ನುವಷ್ಟು ಮರಾಠಿ ಅಮ್ಮನಿಗೆ ಬರುತ್ತಿತ್ತು. ಉಳಿದದ್ದಕ್ಕೆ ಕನ್ನಡವೇ ಸಾಕಾಯಿತು.

"ಕೇಳಿಸ್ತೇನೇ? ಚೊಂಬನ್ನ ಅಡಗಿಸಿಡಿ ಅಂತಿದಾಳೆ."

"ಅದು ಮರಾಠಿ ಕಣೇ," ಎಂದರು ಅಪ್ಪ.

"ಯಾವ ಭಾಷೇಲಿ ಅಡಗಿಸಿದ್ರೂ ಅಡಗಿಸಿದ ಹಾಗೇ."

ನನ್ನ ಶಾಲೆಯ ಮರಾಠಿಯಲ್ಲಿ ಆ ಪದ ಬಂದಿರಲಿಲ್ಲ. ಹಾಗಾಗಿ ಅಮ್ಮನ ಅರ್ಥವೇ ಸರಿಯೆಂದು ನನಗೂ ತೋರಿತು.

ಹಬ್ಬದ ಬೆಳಗ್ಗೆ ಕಾಕೂ ಗ್ಯಾಲರಿಯಲ್ಲಿ ಗುಡಿ ಏರಿಸಿದರು: ಬಿದಿರಿನ ಕೋಲು, ರೇಷ್ಮೆ ಬಟ್ಟೆ, ಬೇವಿನ ಸೊಪ್ಪು, ಸಕ್ಕರೆ ಹಾರ, ತುದಿಯಲ್ಲಿ ಬೋರಲು ಹಾಕಿದ ಚೊಂಬು. ಪ್ರತಿವರ್ಷ ತಾಮ್ರದ್ದಿರುತ್ತಿತ್ತು. ಈ ಸಲ ಬೆಳ್ಳಿಯದು. ಹೆಸರಿರಬೇಕಾದ ಕತ್ತು ರೇಷ್ಮೆಯ ಮಡಿಕೆಯೊಳಗೆ ಸೇರಿಕೊಂಡಿತ್ತು. ಗುಡಿಯನ್ನು ಸಂಜೆಗೆ ಮುಂಚೆ ಇಳಿಸುವ ಹಾಗಿಲ್ಲ. ಅಮ್ಮ ಸ್ಟೀಲ್ ಚೊಂಬಿನಲ್ಲಿ ಕಲಶವಿಟ್ಟು, ಹೆಂಚಿನ ಮೇಲಿನ ಒಬ್ಬಟ್ಟು ಬಿಟ್ಟು ಬಿಟ್ಟು ಬಾಗಿಲಿಗೆ ಬಂದು ತಲೆಯೆತ್ತಿ ನೋಡಿದಳು. ಆ ಹಬ್ಬದಲ್ಲಿ ನಾವು ತಿಂದದ್ದೆಲ್ಲ ಕರಕಲು.

ಹೊತ್ತು ಮುಳುಗುವಾಗ ಕಾಕೂ ಗುಡಿ ಇಳಿಸಿ, ಚೊಂಬನ್ನು ಹಿಡಿದು ನೇರ ನಮ್ಮ ಬಾಗಿಲಿಗೇ ಬಂದರು. ಕತ್ತಿನ ಭಾಗವನ್ನು ಅಮ್ಮನ ಕಡೆ ತಿರುಗಿಸಿದರು.

"ನಾವ್ ವಾಚಾ, ವಹಿನಿ," ಎಂದರು. ಹೆಸರು ಓದಿ, ಅತ್ತಿಗೆ.

ಅಮ್ಮ ಓದಲಿಲ್ಲ. ನಾನೇ ಓದಿದೆ, ಮರಾಠಿಯಲ್ಲಿ ಕೆತ್ತಿದ ಕಾಕೂವಿನ ತಾಯಿಯ ಹೆಸರು. ತಾಮ್ರದ್ದು ತೂತಾಯಿತು, ಅಡಗಳಿಗೆ ಹಾಕಿಸಿದೆ, ಅದಕ್ಕೇ ತವರಿನದನ್ನು ಏರಿಸಿದೆ ಎಂದರು. ಅಡಗಳ್ ಎಂದರೇನೆಂದು ಕೇಳಿದೆ. ಬೇಡವಾದ ಹಳೇ ಸಾಮಾನು ಎಂದು ಹೇಳಿ ಒಳಗೆ ಹೋದರು. ನನಗೆ ನಾಚಿಕೆಯಾಯಿತು.

ಕೆಲವು ದಿನಗಳ ನಂತರ ಅಕ್ಕಿ ಡಬ್ಬದ ತಳದಲ್ಲಿ ಅಮ್ಮನ ಕೈಗೆ ಚೊಂಬು ತಗುಲಿತು. ಮನೆ ತೊಳೆಯುವ ದಿನ ಬಾಗಿಲು ತೆರೆದಿರುತ್ತದೆಂದು ಹಿಂದಿನ ರಾತ್ರಿ ಅವಳೇ ಅಲ್ಲಿ ಅಡಗಿಸಿಟ್ಟು ಮರೆತಿದ್ದಳು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕಾಕೂ ಮನೆಯ ಬಾಗಿಲವರೆಗೆ ಹೋಗಿ ಬಂದು, ಕಾಕೂಗೆ ತೋರಿಸಿದೆ ಎಂದಳು. ಒಳಗೆ ಹೋದಳೆಂದು ನನಗೆ ಇಂದಿಗೂ ನಂಬಿಕೆಯಿಲ್ಲ.

ಮರುವರ್ಷದ ಭಾನುವಾರ ಗ್ಯಾಲರಿಯಲ್ಲಿ ನಮ್ಮ ಸಾಮಾನು ಮಾತ್ರ ಇತ್ತು. ಕಾಕೂ ಹಿಂದಿನ ವಾರವೇ ಮನೆ ತೊಳೆದು ಮುಗಿಸಿದ್ದರು. ಎರಡು ಮನೆಗಾಗುವಷ್ಟು ಹುಣಸೆಹಣ್ಣು ನೆನೆಸಿದ್ದ ಅಮ್ಮ ಮುಚ್ಚಿದ ಆ ಬಾಗಿಲನ್ನೇ ನೋಡುತ್ತ ಕೂತಳು.

"ಬೇಕಂತ ಮಾಡಿದಾಳೆ ಅಂತೀಯಾ?" ಎಂದು ಕೇಳಿದಳು.

ತನ್ನ ಅನುಮಾನ ಸುಳ್ಳಾಗಲಿ ಎಂದು ಅವಳು ಆಸೆಪಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ.