ಒಂದು ನಿಮಿಷವೂ ಇಲ್ಲದ ಸಂಗೀತ

ಮೊನ್ನೆ ಬೀರುವಿನಿಂದ ರೇಷ್ಮೆ ಸೀರೆಗಳನ್ನು ತೆಗೆದು ಗಾಳಿಗೆ ಹರಡುತ್ತಿದ್ದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಈ ವಾಸನೆಯಿಂದ ಮದುವೆಮನೆ ನೆನಪಾಗುತ್ತದೋ ಏನೋ, ನನಗೆ ಮಾತ್ರ ಕೋಲಾರದ ನಮ್ಮ ಕಾನ್ವೆಂಟಿನ ಪಿಯಾನೋ ನೆನಪಾಗುತ್ತದೆ. ಅದರೊಳಗಿನ ಪುಟ್ಟ ಪುಟ್ಟ ಸುತ್ತಿಗೆಗಳಿಗೆ ಉಣ್ಣೆಯ ಬಟ್ಟೆ ಹೊದಿಸಿರುತ್ತಾರೆ. ಅದನ್ನು ನುಸಿ ತಿನ್ನದಿರಲಿ ಎಂದು ನಮ್ಮ ಮ್ಯೂಸಿಕ್ ಮಿಸ್ ಹಳೆಯ ಕರ್ಚೀಫಿನಲ್ಲಿ ನಾಲ್ಕು ಗುಳಿಗೆ ಗಂಟು ಕಟ್ಟಿ ಒಳಗೆ ಇಟ್ಟಿರುತ್ತಿದ್ದರು. ಮುಚ್ಚಳ ತೆರೆದರೆ ಮೊದಲು ವಾಸನೆ ಬರುತ್ತಿತ್ತು, ಆಮೇಲೆ ಸ್ವರ...

ಮಿಸ್ ಕೆ.ಜಿ.ಎಫ್‌ನ ಆಂಗ್ಲೋ ಇಂಡಿಯನ್ ಹೆಂಗಸು. ಅವರ ತಂದೆ ಗಣಿಯಲ್ಲಿ ಕೆಲಸದಲ್ಲಿದ್ದವರಂತೆ. ವಾರಕ್ಕೆರಡು ದಿನ ಬಸ್ಸಿನಲ್ಲಿ ಕೋಲಾರಕ್ಕೆ ಬರುತ್ತಿದ್ದರು. ಸಣ್ಣ ಹೂವಿನ ಫ್ರಾಕು, ಕೈಯಲ್ಲೊಂದು ಬೆತ್ತದ ಬುಟ್ಟಿ. ಬರುವಾಗ ಅದರಲ್ಲಿ ಸಂಗೀತದ ಹಾಳೆಗಳಿರುತ್ತಿದ್ದವು, ಹೋಗುವಾಗ ಹಾಳೆಗಳ ಮೇಲೆ ಟೊಮೆಟೊ. ನನ್ನ ಎಷ್ಟೋ ಪಾಠಗಳ ಮೇಲೆ ಟೊಮೆಟೊ ರಸದ ಕಲೆಯಿತ್ತು.

ನಾವು ಕಲಿಯುವವರು ಆರು ಜನ. ಊಟದ ಬಿಡುವಿನಲ್ಲಿ ಒಬ್ಬೊಬ್ಬರಿಗೆ ಹತ್ತು ನಿಮಿಷ. ಹಾಗಾಗಿ ಮಿಸ್ ಕಲಿಸುತ್ತಿದ್ದುದೆಲ್ಲ ಒಂದೇ ಪುಟದ ತುಣುಕುಗಳು. ಕೆಲವಂತೂ ಅರ್ಧ ಪುಟ. ಒಂದು ದಿನ ನಾನು ಧೈರ್ಯ ಮಾಡಿ ಕೇಳಿಯೇಬಿಟ್ಟೆ, "ಮಿಸ್, ನನಗೆ ದೊಡ್ಡದು ಯಾವಾಗ ಕಲಿಸ್ತೀರ?"

"ದೊಡ್ಡದು ಬೇಕಾ? ಏನ್ ಚೈಲ್ಡ್, ಮದುವೆ ಊಟಾನಾ ಇದು?" ಎಂದು ನಕ್ಕರು. ಆಮೇಲೆ ತಮ್ಮ ತಮಿಳು ಬೆರೆತ ಕನ್ನಡದಲ್ಲಿ ನಿಧಾನವಾಗಿ ಹೇಳಿದರು. "ದೊಡ್ಡ ಪೀಸು ನಿನ್ ಕೈ ಹಿಡ್ಕೊಂಡು ಕರ್ಕೊಂಡ್ ಹೋಗುತ್ತೆ, ವಾಪಸ್ ಮನೇಗೂ ಬಿಡುತ್ತೆ. ಚಿಕ್ಕದು ಹಾಗಲ್ಲ ಮಾ. ಬಾಗಿಲು ತೆಗೀತು, ಮುಖ ತೋರಿಸ್ತು, ಹೋಗ್ಬಿಡ್ತು. ಆಮೇಲೆ ನೀನು ಅಲ್ಲೇ ನಿಂತ್ಕೊಂಡು ಯೋಚ್ನೆ ಮಾಡ್ತಾ ಇರ್ಬೇಕು, ಯಾರು ಬಂದಿದ್ದು ಅಂತ."

ಹದಿಮೂರು ವರ್ಷದ ನನಗೆ ಅದೇನು ಅರ್ಥವಾಯಿತೋ... ಇವರಿಗೆ ದೊಡ್ಡದು ಬರುವುದಿಲ್ಲವೇನೋ ಎಂದುಕೊಂಡಿದ್ದೆ. ಅವರ ಬೆರಳ ಗಂಟುಗಳು ಊದಿಕೊಂಡಿರುವುದನ್ನು ನೋಡಿದ್ದೆ. ನುಡಿಸಿ ತೋರಿಸುವ ಬದಲು ಬಾಯಲ್ಲಿ ಗುನುಗಿ ತೋರಿಸುವುದು ಹೆಚ್ಚಾಗಿದ್ದನ್ನೂ ಗಮನಿಸಿದ್ದೆ. ಎರಡನ್ನೂ ಜೋಡಿಸಿ ನೋಡುವಷ್ಟು ಬುದ್ಧಿ ಇರಲಿಲ್ಲ.

ಆ ವರ್ಷದ ಪೇರೆಂಟ್ಸ್ ಡೇಗೆ ಅವರೇ ಒಂದು ತುಣುಕು ಆರಿಸಿಕೊಟ್ಟರು. ಎಡಗೈಯಲ್ಲಿ ಎರಡೇ ಸ್ವರ, ಮತ್ತೆ ಮತ್ತೆ ಅವೇ. ಬಲಗೈಯ ರಾಗ ಯಾರನ್ನೋ ಎರಡು ಸಲ ಕರೆದು, ಮೂರನೇ ಸಲ ಕರೆಯಲೋ ಬೇಡವೋ ಎಂದು ನಿಂತುಬಿಟ್ಟ ಹಾಗೆ. ಅಲ್ಲಿಗೆ ಮುಗಿಯಿತು. ಗಡಿಯಾರ ಹಿಡಿದು ನೋಡಿದರೆ ಒಂದು ನಿಮಿಷವೂ ಇಲ್ಲ. ಮಿಸ್ ಎರಡು ತಿಂಗಳು ಅದನ್ನೇ ತಿದ್ದಿದರು. ಕಡೆಯ ಸ್ವರ ಒತ್ತಿ, ಅದು ತಾನಾಗಿ ಆರುವವರೆಗೆ ಕೈ ತೆಗೆಯದೆ ಸುಮ್ಮನೆ ಕೂತಿರಬೇಕು. "ಆ ಸುಮ್ನಿರೋದು ಕೂಡ ಪೀಸೇ ಚೈಲ್ಡ್, ಅದನ್ನ ತಿಂದ್ಹಾಕ್ಬೇಡ" ಎನ್ನುತ್ತಿದ್ದರು.

ಆ ಸಂಜೆ ಗೌನಿಪಲ್ಲಿಯಿಂದ ನಮ್ಮಜ್ಜಿ ಬಂದಿದ್ದರು. ಶ್ರೀನಿವಾಸಪುರದಲ್ಲಿ ಬಸ್ಸು ಬದಲಾಯಿಸಿ, ಒಂದು ಚೀಲ ಅವರೆಕಾಯಿ ಹೊತ್ತುಕೊಂಡು, ಮೊಮ್ಮಗಳು ಪಿಯಾನೋ ಬಾರಿಸುವುದನ್ನು ನೋಡಲು. ಅಪ್ಪ ಅವರಿಗೆ ಮುಂದಿನ ಸಾಲಿನಲ್ಲಿ ಜಾಗ ಹಿಡಿದಿದ್ದರು. ನಾನು ನುಡಿಸಲು ಶುರು ಮಾಡಿದಾಗ ಅಜ್ಜಿ ಇನ್ನೂ ಚೀಲವನ್ನು ಕುರ್ಚಿಯ ಕೆಳಗೆ ಸೇರಿಸುತ್ತಿದ್ದರು. ಕಡೆಯ ಸ್ವರ ಒತ್ತಿ ಕಾಯುತ್ತಿದ್ದೆ. ಇಡೀ ಹಾಲ್ ನಿಶ್ಶಬ್ದ. ಆಗ ಅಜ್ಜಿ ತಲೆಯೆತ್ತಿ ತಮ್ಮ ತೆಲುಗು ಬೆರೆತ ಮಾತಿನಲ್ಲಿ ಜೋರಾಗಿ, "ಅಪ್ಪುಡೇ ಅಯಿಪೋಯಿಂದಾ? ಆಗ್ಲೇ ಮುಗೀತಾ? ಇಷ್ಟೇನಾ? ನಾನಿನ್ನೂ ಕೂತ್ಕೊಂಡೇ ಇಲ್ವಲ್ಲೇ!" ಎಂದರು.

ಹಾಲ್ ಹಾಲೇ ನಕ್ಕಿತು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅಜ್ಜಿಯನ್ನು ನೋಡಿ ಸಂಕಟವಾಯಿತು. ಎರಡು ಬಸ್ಸು ಹಿಡಿದು ಬಂದವರಿಗೆ ಒಂದು ನಿಮಿಷವೂ ಕೊಡಲಿಲ್ಲವಲ್ಲ. ಮನೆಗೆ ಬಂದವರಿಗೆ ಒಂದೇ ಸಲ ಬಡಿಸಿ ಕೈ ತೊಳೆಸುವ ಪದ್ಧತಿ ನಮ್ಮಲ್ಲಿಲ್ಲ. ಅದೇ ತುಣುಕನ್ನು ಮತ್ತೆ ನುಡಿಸಿದೆ. ಅಜ್ಜಿ ತಲೆದೂಗಿದರು. ಇನ್ನೊಮ್ಮೆ ನುಡಿಸಿದೆ. ನಡುವೆ ಕಾಯಲಿಲ್ಲ, ಒಂದರ ಬಾಲಕ್ಕೆ ಇನ್ನೊಂದನ್ನು ಅಂಟಿಸಿದೆ. ಜನ ಚಪ್ಪಾಳೆ ತಟ್ಟಿದರು, ಅಜ್ಜಿ ಎಲ್ಲರಿಗಿಂತ ಜೋರಾಗಿ.

ಪರದೆಯ ಪಕ್ಕದಲ್ಲಿ ನಿಂತಿದ್ದ ಮಿಸ್ ಚಪ್ಪಾಳೆ ತಟ್ಟಲಿಲ್ಲ.

ಕಡೆಯಲ್ಲಿ ಹೆಡ್ ಸಿಸ್ಟರ್ ವಂದನಾರ್ಪಣೆ ಮಾಡುವಾಗಲೇ ನಮಗೆ ಗೊತ್ತಾಗಿದ್ದು. ಮಿಸ್‌ಗೆ ಇನ್ನು ಬೆರಳು ಮಡಿಸಲು ಆಗುವುದಿಲ್ಲ, ಬೆಂಗಳೂರಿಗೆ ಅಣ್ಣನ ಮನೆಗೆ ಹೋಗುತ್ತಿದ್ದಾರೆ, ಇವತ್ತೇ ಕೊನೆಯ ದಿನ. ತಮ್ಮ ಕೈಗೆ ಇನ್ನು ಬಾರದ ಒಂದು ತುಣುಕನ್ನು ವಿದ್ಯಾರ್ಥಿನಿಯ ಕೈಯಲ್ಲಿ ಕೇಳಿಸಿಕೊಂಡು ಹೋಗಬೇಕೆಂದು ಬಯಸಿದ್ದರಂತೆ. ನಾನು ಗೇಟಿನವರೆಗೆ ಓಡಿದೆ. ಅವರು ನನ್ನ ಕೆನ್ನೆ ತಟ್ಟಿ, "ಫಸ್ಟ್ ಟೈಮ್ ಚೆನ್ನಾಗಿತ್ತು, ಚೈಲ್ಡ್" ಎಂದರು. ಅಷ್ಟೇ. ಬಸ್ಸಿಗೆ ಹೊತ್ತಾಗುತ್ತಿತ್ತು.

ಆಮೇಲೆ ಓದು, ಮದುವೆ, ಮಾಲೂರು, ಮಗಳು... ಅಜ್ಜಿಯೂ ಹೋದರು. ಆ ತುಣುಕು ಮಾತ್ರ ಹೋಗಲಿಲ್ಲ. ಸಾರಿಗೆ ಒಗ್ಗರಣೆ ಹಾಕಿ ಮುಚ್ಚಿಡುವಷ್ಟರಲ್ಲಿ ತಲೆಯೊಳಗೆ ಒಮ್ಮೆ ಪೂರ್ತಿ ಬಂದು ಹೋಗುತ್ತಿತ್ತು. ದೊಡ್ಡ ಸಂಗೀತ ಕೇಳಬೇಕೆಂದರೆ ಬಿಡುವು ಮಾಡಿಕೊಳ್ಳಬೇಕು, ಕೂರಬೇಕು. ಇದು ನನ್ನ ಬಿಡುವಿಗೆ ಕಾಯಲಿಲ್ಲ. ಚಿಕ್ಕದರ ಋಣ ಅದೇ ಇರಬೇಕು. ಮನೆಯ ಕೆಲಸದ ಸಂದಿಯಲ್ಲಿ ತೂರಿಕೊಂಡು ನನ್ನ ಜೊತೆಗೇ ಇತ್ತು.

ಕಳೆದ ವರ್ಷ ಹಳೆಯ ಸಹಪಾಠಿಯೊಬ್ಬಳಿಂದ ಮಿಸ್ ನಂಬರ್ ಸಿಕ್ಕಿತು. ಅಣ್ಣನ ಮಗಳ ಮನೆಯಲ್ಲಿದ್ದರು. ನಡುಗುವ ದನಿ. ನಾನು ಯಾರೆಂದು ಹೇಳುವಷ್ಟರಲ್ಲೇ, "ಓ, ಥ್ರೀ ಟೈಮ್ಸ್ ಗರ್ಲ್!" ಎಂದು ನಕ್ಕರು. ನಾನು ಅತ್ತುಬಿಟ್ಟೆ. ಕ್ಷಮೆ ಕೇಳಿದೆ.

"ಯಾಕೆ ಅಳ್ತೀಯ? ಗ್ರ್ಯಾನಿ ಅಷ್ಟು ದೂರದಿಂದ ಬಂದಿತ್ತಲ್ಲ. ಒಂದ್ ದಿನ ಬಾ. ಇಲ್ಲಿ ಪಿಯಾನೋ ಇದೆ. ಒಂದೇ ಸಲ ನುಡ್ಸು, ನಾನು ಕೇಳ್ತೀನಿ."

"ಖಂಡಿತ ಬರ್ತೀನಿ ಮಿಸ್."

ಮಾಲೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಒಂದು ಗಂಟೆ. ಮಾರನೆಯ ದಿನವೇ ಹೋಗಬಹುದಿತ್ತು. ಆದರೆ ಮಗಳ ಪುಟ್ಟ ಕೀಬೋರ್ಡಿನ ಮುಂದೆ ಕೂತರೆ ಬೆರಳು ಓಡಲೊಲ್ಲದು. ಹತ್ತು ಬಗೆ ಮಾಡಿ ಬಡಿಸಿದಾಗ ಒಂದಕ್ಕೆ ಉಪ್ಪು ಕಡಿಮೆಯಾದರೂ ನಡೆಯುತ್ತದೆ, ಬರೀ ಮುದ್ದೆ ಸಾರಿನ ಊಟದಲ್ಲಿ ಮುಚ್ಚಿಡಲು ಆಗುವುದಿಲ್ಲ. ಈ ತುಣುಕೂ ಹಾಗೆಯೇ, ಒಂದು ಸ್ವರ ತಪ್ಪಿದರೆ ಎಲ್ಲವೂ ತಪ್ಪಿದಂತೆ. ಇನ್ನೊಂದು ವಾರ, ಇನ್ನೊಂದು ವಾರ ಎಂದು ಅಭ್ಯಾಸ ಮಾಡಿದೆ. ಮಿಸ್ ಮುಂದೆ ಈ ಸಲ ತಪ್ಪಬಾರದು ಎಂಬ ಹಟ. ಯಜಮಾನರು ರೇಗಿಸುತ್ತಿದ್ದರು, "ಒಂದು ನಿಮಿಷದ್ದಕ್ಕೆ ನಾಲ್ಕು ತಿಂಗಳೇನೇ? ಇಷ್ಟೊತ್ತಿಗೆ ಬೆಂಗಳೂರಿಗೆ ನಡ್ಕೊಂಡು ಹೋಗಿ ವಾಪಸ್ ಬಂದಿರಬಹುದಿತ್ತು ಕಣೇ."

ಒಂದು ಬೆಳಿಗ್ಗೆ ತಪ್ಪಿಲ್ಲದೆ ಬಂತು. ಕೈ ಒರೆಸಿಕೊಂಡು ಕೂಡಲೇ ಫೋನ್ ಮಾಡಿದೆ. ಅಣ್ಣನ ಮಗಳು ಎತ್ತಿಕೊಂಡರು.

"ಆಂಟಿ ಹೋಗಿ ಹನ್ನೆರಡು ದಿನ ಆಯ್ತು" ಎಂದರು. ನಾನು ಕೀಬೋರ್ಡಿನ ಸ್ವಿಚ್ಚು ಆರಿಸಿದೆ. ಅವರೇ ಮುಂದುವರಿಸಿದರು. "ಕೋಲಾರದ ಮೇಡಂ ನೀವೇನಾ? ಪಿಯಾನೋ ವರ್ಷಗಟ್ಟಲೆ ಯಾರೂ ಮುಟ್ಟಿರಲಿಲ್ಲ. ನೀವು ಫೋನ್ ಮಾಡಿದ ವಾರವೇ ಹಟ ಮಾಡಿ ಟ್ಯೂನ್ ಮಾಡೋರನ್ನ ಕರೆಸಿದ್ರು. ಒಂದೊಂದು ಕೀನೂ ಒತ್ತಿಸಿ ಕೇಳಿದ್ರು. ನನ್ ಹುಡುಗಿ ಬರ್ತಾಳೆ, ಅವಳಿಗೆ ಸರಿಯಾಗಿರ್ಬೇಕು ಅಂತ."

ಹುಡುಗಿ! ನನಗೆ ನಲವತ್ತಾರು.

"ಈಗಲೂ ಬನ್ನಿ ಮೇಡಂ, ಪಿಯಾನೋ ಹಾಗೇ ಇದೆ" ಎಂದು ಕರೆದರು. ಬರ್ತೀನಿ ಎಂದೆ.

ಮಿಸ್‌ಗೆ ನನ್ನಿಂದ ತಪ್ಪಿಲ್ಲದ ತುಣುಕು ಬೇಕಿರಲಿಲ್ಲ, ನಾನು ಬರುವುದಷ್ಟೇ ಬೇಕಿತ್ತು ಎಂಬುದು ಈಗ ಗೊತ್ತಾಗಿದೆ. ತೊಡರುವ ಬೆರಳಲ್ಲೇ ಹೋಗಬೇಕಿತ್ತು.

ಎಷ್ಟು ಚೆನ್ನಾಗಿ ಟ್ಯೂನ್ ಮಾಡಿಸಿದರೂ, ಯಾರೂ ಮುಟ್ಟದಿದ್ದರೂ, ಪಿಯಾನೋದ ತಂತಿಗಳು ದಿನ ಕಳೆದಂತೆ ತಾವಾಗಿಯೇ ಸಡಿಲವಾಗುತ್ತವಂತೆ. ಅವರು ನನಗೆಂದು ಮಾಡಿಸಿಟ್ಟ ಶ್ರುತಿ ಆ ಮನೆಯಲ್ಲಿ ದಿನಾ ಒಂದಿಷ್ಟು ಇಳಿಯುತ್ತಿದೆ. ಮಿಸ್ ಹೋಗಿ ಇದು ಐದನೇ ತಿಂಗಳು. ನಾನು ಇನ್ನೂ ಹೋಗಿಲ್ಲ...