ಗಂಡು ಕ್ಯಾಡಿಸ್ ನೊಣವನ್ನು ಹುಡುಕಿ ಶಿರೂರಿಗೆ

ಬ್ರಹ್ಮಾವರದಲ್ಲಿ ಬಸ್ಸು ಹತ್ತಿದಾಗ ನನ್ನ ಚೀಲದಲ್ಲಿ ಒಂದು ಬಿಳಿ ಪಂಚೆ, ದೀಪ, ಪುಟ್ಟ ಸೂಕ್ಷ್ಮದರ್ಶಕ ಮತ್ತು ಸ್ಪಿರಿಟ್ ತುಂಬಿದ ಸೀಸೆಗಳಿದ್ದವು. ಕುಂದಾಪುರ ದಾಟುವಷ್ಟರಲ್ಲಿ ಒಂದು ಸೀಸೆಯ ಮುಚ್ಚಳ ಸಡಿಲವಾಗಿ ಬಸ್ಸೆಲ್ಲ ವಾಸನೆ. ಪಕ್ಕದ ಹಿರಿಯರು, "ಬೆಳಿಗ್ಗೆಯೇ ಶುರು ಮಾಡಿದ್ರಾ?" ಎಂದು ಆಚೆ ಸರಿದರು. ಬೈಂದೂರಿನ ತನಕ ನಾನು ಕುಡುಕನಾಗಿಯೇ ಪ್ರಯಾಣ ಮಾಡಿದೆ.

ನಾನು ಹೊರಟಿದ್ದು ಒಂದು ಕ್ಯಾಡಿಸ್ ನೊಣದ ಜಾತಿ ಪತ್ತೆಮಾಡಲು. ಪತಂಗದಂಥ ಈ ಪುಟ್ಟ ಹುಳದ ಮರಿ ತೊರೆಯ ತಳದಲ್ಲಿ ಮರಳಕಾಳುಗಳನ್ನು ಅಂಟಿಸಿ ಕೊಳವೆಯಂಥ ಗೂಡು ಕಟ್ಟಿಕೊಂಡು ಬದುಕುತ್ತದೆ. ಮರಿಗಳು ಎಷ್ಟು ಸಿಕ್ಕರೂ ಪ್ರಯೋಜನವಿಲ್ಲ; ಬಲಿತ ಗಂಡಿನ ಹಿಂಭಾಗದ ಕೊಂಡಿಗಳನ್ನು ನೋಡಿಯೇ ಜಾತಿ ಹೇಳಬೇಕು. ಮಳೆ ಹಿಡಿದರೆ ತೊರೆಗೆ ಇಳಿಯುವಂತಿಲ್ಲ, ನನ್ನ ಪ್ರಬಂಧ ಇನ್ನೊಂದು ವರ್ಷ ಕೊಳೆಯುತ್ತದೆ.

ಶಿರೂರಿನ ಒಳಗೆ, ಗುಡ್ಡದ ಬುಡದ ತೊರೆಯ ಪಕ್ಕದಲ್ಲೇ ಮೀನು ಮಾರುವ ಗಿರಿಜಕ್ಕನ ಮನೆ. ಗೆಳೆಯನ ಅತ್ತೆಯಾದ್ದರಿಂದ ಬಿಡಾರ ಅಲ್ಲೇ. ನನ್ನ ಕಥೆ ಕೇಳಿದ ಅವರು ಮೊದಲು ಕೇಳಿದ್ದು, "ಹ್ವಾಯ್, ಅದ್ ತಿಂಬುಕಾತ್ತಾ?"

"ತಿನ್ನಲು ಬರುವುದಿಲ್ಲಕ್ಕ."

"ಮತ್ತೆಂತಕ್ ಇಷ್ಟ್ ದೂರ ಬಂದ್ರಿ?"

ಅಷ್ಟರಲ್ಲಿ ಬಂಗುಡೆ ಸಾರು ಬಂತು, ಉಂಡೆ.

ಸಂಜೆ ದಂಡೆಯಲ್ಲಿ ಪಂಚೆಯನ್ನು ಪರದೆಯಂತೆ ಕಟ್ಟಿ, ಹುಳ ಬರಲೆಂದು ದೀಪ ಹಚ್ಚಿದೆ. ಸಿನಿಮಾ ಇರಬೇಕೆಂದು ನೆರೆಮನೆಯವರು ಚಾಪೆ ತಂದು ಕೂತರು. ಬೆಳಕಿಗೆ ಕ್ಯಾಡಿಸ್ ನೊಣಗಳೇನೋ ಬಂದವು. ಪರೀಕ್ಷಿಸಿದರೆ ಎಲ್ಲವೂ ಹೆಣ್ಣು!

"ಗಂಡ್ಸ್ರೆಲ್ಲ ಬೊಂಬಾಯಿಗೆ ಹೋಯಿರ್ ಕಾಣಿ," ಎಂದರು ಗಿರಿಜಕ್ಕ. ಚಾಪೆಯವರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ಅಳು ಬರುವುದೊಂದು ಬಾಕಿ.

ಮರುದಿನ ಸಪ್ಪೆ ಮೋರೆ ಹೊತ್ತು ತೊರೆಗೆ ಇಳಿದೆ. ಹುಳದ ವಾಸಸ್ಥಾನವನ್ನಾದರೂ ಸರಿಯಾಗಿ ನೋಡಿಕೊಳ್ಳೋಣವೆಂದು. ದಟ್ಟ ನೆರಳು, ತಣ್ಣನೆಯ ನೀರು, ಮೊಣಕಾಲಿಗೂ ಬಾರದ ಆಳ, ಆದರೂ ಕಾಲು ತಪ್ಪಿಸುವ ಸೆಳೆತ. ಒಂದು ಕಲ್ಲು ಮಗುಚಿದರೆ ಅಡಿಯಲ್ಲಿ ಬಾಯಿ ಮುಚ್ಚಿಕೊಂಡ ಗೂಡುಗಳು! ಒಳಗಿನ ಹುಳ ರೆಕ್ಕೆ ಬಲಿತು, ಇಂದೋ ನಾಳೆಯೋ ಹೊರಬೀಳುವಂತಿತ್ತು. ಗಂಡಾಗಿದ್ದರೆ ಕೊಂಡಿಗಳೂ ಬಲಿತೇ ಇರುತ್ತವೆ; ಇದು ನನಗೆ ಮೊದಲೇ ಯಾಕೆ ಹೊಳೆಯಲಿಲ್ಲವೋ!

ಗಿರಿಜಕ್ಕನ ಜಗಲಿಯಲ್ಲಿ ಕೂತು ಒಂದು ಗೂಡು ಬಿಡಿಸಿ ಸೂಕ್ಷ್ಮದರ್ಶಕದಡಿ ಇಟ್ಟೆ. ಗಂಡು! ಕೊಂಡಿಗಳು ನಾನು ತಂದಿದ್ದ ಚಿತ್ರಕ್ಕೆ ಸರಿಯಾಗಿ ಹೊಂದಿದವು. ಜಾತಿ ಸಿಕ್ಕಿತು. ಸಂತೋಷ ತಡೆಯಲಾರದೆ ಕೂಗಿಬಿಟ್ಟೆ.

ಗಿರಿಜಕ್ಕ ಮೀನು ಕೊಯ್ಯುವ ಕತ್ತಿ ಹಿಡಿದೇ ಓಡಿ ಬಂದರು. "ಎಂತಾಯ್ತ್? ಹಾವ್ ಕಚ್ತಾ?"

"ಗಂಡು ಸಿಕ್ಕಿತಕ್ಕ! ಬಾಗಿಲು ಹಾಕಿಕೊಂಡು ಒಳಗೇ ಮಲಗಿತ್ತು!"

ಅವರು ಒಮ್ಮೆ ಒಳಗೆ, ತಮ್ಮ ಯಜಮಾನರು ಇನ್ನೂ ಗೊರಕೆ ಹೊಡೆಯುತ್ತಿದ್ದ ಕೋಣೆಯತ್ತ ನೋಡಿದರು.

"ಅದ್ಕೆ ಈ ಮಿಶಿನ್ ಎಂತಕೆ? ಹೊತ್ತ್ ನೆತ್ತಿಗ್ ಬಂದ್ರೂ ಏಳ್ದೆ ಬಿದ್ಕಂಡಿತ್ ಅಂದ್ರೆ, ಅದ್ ಗಂಡೇ ಸೈ."