ಹಿತ್ತಲಲ್ಲಿ ಸುತ್ತುತ್ತಿದ್ದ ನೀರು

ಹುಬ್ಬಳ್ಳಿಯ ಬೆಂಗೇರಿಯಲ್ಲಿದ್ದ ನಮ್ಮ ಮನೆಗೆ ಆಗ ಎಂಟು ದಿನಕ್ಕೊಮ್ಮೆ ನೀರು ಬರುತ್ತಿತ್ತು. ಬಂದ ದಿನ ಓಣಿಗೆಲ್ಲ ಹಬ್ಬ. ಕೊಡ, ಬಕೆಟ್ಟು, ಹಂಡೆ, ಕೊನೆಗೆ ಚಹಾದ ಪಾತೇಲಿಯನ್ನೂ ಬಿಡದೆ ತುಂಬಿಟ್ಟುಕೊಳ್ಳುತ್ತಿದ್ದೆವು. ಹಿತ್ತಲಲ್ಲಿ ನಾನು ಹಾಕಿದ ಮೆಂತೆ, ಕೊತ್ತಂಬರಿ ಐದನೆಯ ದಿನಕ್ಕೆ ತಲೆ ಬಾಗಿಸಿ ಏಳನೆಯ ದಿನಕ್ಕೆ ಮಲಗಿಬಿಡುತ್ತಿದ್ದವು. ಕುಡಿಯುವ ನೀರನ್ನು ಗಿಡಕ್ಕೆ ಸುರಿಯಲು ಕೈ ಬರುತ್ತಿರಲಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ಮೂರೋ ನಾಲ್ಕೋ ವರ್ಷವಾಗಿತ್ತು. ಧಾರವಾಡದಲ್ಲಿ ನಮಗೊಂದು ತರಬೇತಿ. ಊಟದ ನಂತರದ ತರಗತಿಯಲ್ಲಿ ಅರ್ಧ ಜನ ತೂಕಡಿಸುತ್ತಿದ್ದರು. ಪಾಠ ಹೇಳುತ್ತಿದ್ದವರು ಗೋಡೆಯ ಮೇಲೆ ಒಂದು ಚಿತ್ರ ಬಿಟ್ಟರು. ಕೆಳಗೆ ಮೀನಿನ ತೊಟ್ಟಿ, ಮೇಲೆ ಕಲ್ಲು ತುಂಬಿದ ಮಡಿಯಲ್ಲಿ ಸೊಪ್ಪು. ಮೀನು ಹೊಲಸು ಮಾಡಿದ ನೀರು ಮೇಲೇರಿ ಗಿಡಕ್ಕೆ ಗೊಬ್ಬರವಾಗುತ್ತದೆ. ಗಿಡದ ಬೇರು ಸೋಸಿದ ನೀರು ಮತ್ತೆ ಮೀನಿಗೆ ಇಳಿಯುತ್ತದೆ.

"ಇದಕ್ಕ ಅಕ್ವಾಪೋನಿಕ್ಸ್ ಅಂತಾರ್ರಿ. ಹೊಸಾ ನೀರು ಭಾಳ ಬೇಕಾಗಂಗಿಲ್ಲ. ಅದ ನೀರು ಸುತ್ತತಿರತದ," ಎಂದರು ಅವರು.

ನಾನೂ ಅರೆನಿದ್ದೆಯಲ್ಲಿದ್ದೆ. ಆ ಮಾತು ನಿದ್ದೆಯೊಳಗೇ ಬಂದು ಕೂತಿತು. ಮುಗಿಯದ ನೀರು! ಹುಬ್ಬಳ್ಳಿಗೆ ಮರಳುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತವಳಿಗೆ ರಸ್ತೆಯ ಎರಡೂ ಬದಿಯಲ್ಲಿ ಸದ್ದಿಲ್ಲದೆ ನೀರು ಹರಿಯುತ್ತಿರುವಂತೆ ಅನ್ನಿಸುತ್ತಿತ್ತು. ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಆ ಚಿತ್ರವನ್ನು ನೆನಪಿನಿಂದಲೇ ಬರೆದುಕೊಂಡೆ.

ನನ್ನ ಗಂಡ ತಾರಿಹಾಳದ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್. ಮಾತು ಕಡಿಮೆ. ಚಿತ್ರವನ್ನು ಅತ್ತಿಂದಿತ್ತ ತಿರುಗಿಸಿ ನೋಡಿ, "ಆಗತೈತಿ," ಎಂದಷ್ಟೇ ಹೇಳಿದರು. ಮುಂದಿನ ಭಾನುವಾರ ಎರಡು ನೀಲಿ ಬ್ಯಾರಲ್ ತಂದು ಉದ್ದಕ್ಕೆ ಸೀಳಿದರು. ತೊಟ್ಟಿಲಿನಂಥ ನಾಲ್ಕು ಮಡಿಗಳಾದವು. ಅವಕ್ಕೆ ತೊಳೆದ ಖಡಿಕಲ್ಲು ತುಂಬಿದೆವು. ಬಟ್ಟೆ ಒಗೆಯಲು ನೀರು ಕೂಡಿಡುತ್ತಿದ್ದ ಹಳೆಯ ಸಿಮೆಂಟಿನ ತೊಟ್ಟಿ ಮೀನಿಗಾಯಿತು. ಹಳೆಯ ಕೂಲರಿನ ಪಂಪು ನೀರನ್ನು ಮೇಲಕ್ಕೆ ಎತ್ತಿತು. ಬಿಸಿಲಿಗೆ ನೀರು ಆರಬಾರದೆಂದು ಎಲ್ಲವನ್ನೂ ಸುತ್ತುವರಿದು ಬಿದಿರು ನೆಟ್ಟು, ಮೇಲೆ ದಪ್ಪ ಪ್ಲಾಸ್ಟಿಕ್ಕು, ಪಕ್ಕಕ್ಕೆ ಹಸಿರು ಜಾಳಿಗೆ ಕಟ್ಟಿದರು. ಒಳಗೆ ಹೊಕ್ಕರೆ ನಮ್ಮ ಕೈಯೂ ಹಸಿರು, ಮುಖವೂ ಹಸಿರು.

ಮನೆಯಲ್ಲಿ ಇದ್ದವರು ಮೂವರೇ, ನಾವಿಬ್ಬರು ಮತ್ತು ನನ್ನ ಅತ್ತೆ. ಅತ್ತೆ ಹೆಬ್ಬಳ್ಳಿಯ ಒಕ್ಕಲುತನದ ಮನೆಯ ಮಗಳು. ಬೆಳಿಗ್ಗೆ ಹಣೆತುಂಬ ವಿಭೂತಿ ಹಚ್ಚಿಕೊಂಡು, ಅಂಗೈಯಲ್ಲಿ ಲಿಂಗವನ್ನಿಟ್ಟು ಪೂಜೆ ಮುಗಿಸದೆ ಗುಟುಕು ಚಹಾ ಕುಡಿದವರಲ್ಲ. ಬಿದಿರು ನೆಡುವಾಗಿನಿಂದ ಸುಮ್ಮನೆ ನೋಡುತ್ತಿದ್ದವರು ಕಡೆಗೊಂದು ದಿನ ಕೇಳಿದರು.

"ಇದರಾಗ ಏನ್ ಬಿಡವರು?"

"ಮೀನ್ರಿ ಅತ್ತಿ. ತಿನ್ನಾಕಲ್ಲ, ಸಾಕಾಕ."

"ಅದರ ಹೊಲಸಿನ ನೀರಾಗ ಪಲ್ಲೆ ಬೆಳಿತೀರಿ?"

"ಆಕಳ ಸೆಗಣಿ ಹಾಕಿ ಬೆಳಿಯಂಗಿಲ್ಲೇನ್ರಿ?"

"ಆಕಳು ಆಕಳು. ಮೀನು ಮೀನು," ಎಂದು ಅತ್ತೆ ಮಾತು ಮುಗಿಸಿದರು. ಆಮೇಲೆ, "ಬೆಳಕೊಳ್ರಿ, ನಾ ಬ್ಯಾಡನ್ನಂಗಿಲ್ಲ. ಆದ್ರ ಆ ಪಲ್ಲೆ ನಾ ಬಾಯಾಗ ಹಾಕ್ಕೊಳಂಗಿಲ್ಲ," ಎಂದರು.

ಇಪ್ಪತ್ತು ಗೆಂಡೆ ಮರಿಗಳನ್ನು ತಂದೆವು. ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಅವು ಹೊಳೆಯುತ್ತಿದ್ದವು. ಅಂದೇ ನೀರು ಬಂದಿತ್ತು. ನಳಕ್ಕೆ ಪೈಪು ಹಚ್ಚಿ ತೊಟ್ಟಿ ತುಂಬಿಸಿ, ಖುಷಿಯಿಂದ ಬಿಟ್ಟುಬಿಟ್ಟೆವು. ಮರುದಿನ ಬೆಳಿಗ್ಗೆ ನೋಡಿದರೆ ಹದಿನಾರು ಮರಿ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ನಳದ ನೀರಿಗೆ ಬೆರೆಸಿದ ಕ್ಲೋರಿನ್ ನಮಗೆ ಒಳ್ಳೆಯದು, ಮೀನಿನ ಕಿವಿರಿಗೆ ಬೆಂಕಿ. ಎರಡು ದಿನ ನೀರನ್ನು ಬಯಲಿಗಿಟ್ಟಿದ್ದರೆ ಅದು ಆರಿಹೋಗುತ್ತಿತ್ತು. ಮಕ್ಕಳಿಗೆ ನಾನೇ ಕಲಿಸುವ ಪಾಠ. ನಾಚಿಕೆಯಿಂದ ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟೆ.

ಅತ್ತೆ ಬಂದು ನೋಡಿದರು. ಒಳಗಿನಿಂದ ಕಳೆ ತೆಗೆಯುವ ಕುರ್ಚಿಗಿ ತಂದು ನುಗ್ಗೆಮರದ ಬುಡದಲ್ಲಿ ಕುಣಿ ತೋಡಿದರು. ಮೀನು ಮುಟ್ಟಿದವರೇ ಅಲ್ಲ, ಬಾಳೆಎಲೆಯ ಚೂರಿನಿಂದ ಒಂದೊಂದನ್ನೇ ಎತ್ತಿ ಕುಣಿಗಿಟ್ಟು ಮಣ್ಣು ಎಳೆದರು. "ಜೀವ ತಂದ ಮ್ಯಾಲೆ ಅದಕ್ಕ ದಿಕ್ಕಾಗಬೇಕವಾ. ಇನ್ನೊಮ್ಮೆ ತರೂದಾದ್ರ ತಿಳಕೊಂಡು ತರ್ರಿ," ಎಂದು ಹೇಳಿ ಸ್ನಾನಕ್ಕೆ ಹೋದರು.

ತಿಳಿದುಕೊಂಡೆವು. ಮತ್ತೆ ಮರಿಗಳು ಬಂದವು. ಒಂದೂವರೆ ತಿಂಗಳು ಸೊಪ್ಪು ಹಳದಿಯಾಗಿ, ಏಳಲೋ ಬೇಡವೋ ಎಂಬಂತೆ ನಿಂತಿತ್ತು. ಕಲ್ಲಿನ ಮೇಲೆ ಕಣ್ಣಿಗೆ ಕಾಣದ ಜೀವಿಗಳು ಮನೆ ಮಾಡಿಕೊಳ್ಳಬೇಕು, ಅವು ಹೊಲಸನ್ನು ಗೊಬ್ಬರ ಮಾಡಬೇಕು, ಅಲ್ಲಿಯವರೆಗೆ ಕಾಯಬೇಕು. ಕಾದೆವು. ಆಮೇಲೊಂದು ವಾರ, ಯಾರೋ ಒಳಗಿನಿಂದ ಊದಿದಂತೆ, ಪಾಲಕ ಎದ್ದು ನಿಂತಿತು. ರಾಜಗಿರಿ ಸೊಪ್ಪಿನ ಎಲೆ ಅಂಗೈಯಷ್ಟು ಅಗಲವಾಯಿತು. ಭಾನುವಾರದ ಮಧ್ಯಾಹ್ನ ನಾನು ಅಲ್ಲೇ ಚಾಪೆ ಹಾಸಿ ಮಲಗುತ್ತಿದ್ದೆ. ನೀರು ಏರುವ ಸದ್ದು, ಕಲ್ಲಿನ ಸಂದಿಯಲ್ಲಿ ಇಳಿಯುವ ಸದ್ದು, ತೊಟ್ಟಿಗೆ ಬೀಳುವ ಸದ್ದು. ಎಚ್ಚರವೋ ನಿದ್ದೆಯೋ ತಿಳಿಯುತ್ತಿರಲಿಲ್ಲ. ಜಾಳಿಗೆಯಾಚೆಯ ಓಣಿ, ಸೈಕಲ್ಲಿನ ಗಂಟೆ, ಯಾರದೋ ಮನೆಯ ರೇಡಿಯೋ ಎಲ್ಲವೂ ದೂರದ ದಂಡೆಯಿಂದ ಕೇಳಿಸಿದಂತೆ.

ದಸರಾ ರಜೆ ಮುಗಿದ ವಾರ. ಮಳೆ ಹಿಂದೆಗೆದು ಸೆಕೆ ಶುರುವಾಗಿತ್ತು. ಸಂಜೆ ಐದೂವರೆಗೆ ಶಾಲೆಯಿಂದ ಬಂದೆ. ಓಣಿಯಲ್ಲಿ ಕರೆಂಟಿರಲಿಲ್ಲ. ಮಧ್ಯಾಹ್ನವೇ ಹೋಗಿದೆ ಎಂದು ಪಕ್ಕದ ಮನೆಯವರು ಹೇಳಿದರು. ಪಂಪು ನಿಂತರೆ ನೀರಿನಲ್ಲಿ ಗಾಳಿ ಇರುವುದಿಲ್ಲ, ಇಷ್ಟು ಹೊತ್ತಿಗೆ ಒಂದೂ ಉಳಿದಿರಲಾರದು. ಚೀಲ ಅಲ್ಲೇ ಒಗೆದು ಹಿತ್ತಲಿಗೆ ಓಡಿದೆ.

ಹಸಿರು ಬೆಳಕಿನಲ್ಲಿ ಅತ್ತೆ ತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದರು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಗಿಸಿದ್ದರು. ಕೈಯಲ್ಲಿ ಹಿತ್ತಾಳೆಯ ತಂಬಿಗೆ. ಮೊಗೆಯುವುದು, ಎತ್ತರದಿಂದ ಸುರಿಯುವುದು, ಮೊಗೆಯುವುದು, ಸುರಿಯುವುದು. ಬಿಳಿ ಕೂದಲು ಒದ್ದೆಯಾಗಿ ಕೆನ್ನೆಗಂಟಿತ್ತು. ನೀರೊಳಗಿನ ಯಾವುದೋ ಊರಿನಲ್ಲಿ ಯಾರೋ ಹಿರಿಯಳು ತನ್ನ ಪಾಡಿಗೆ ಕೆಲಸ ಮಾಡುತ್ತಿರುವಂತೆ ಕಂಡು, ಒಂದು ಗಳಿಗೆ ಬಾಗಿಲಲ್ಲೇ ನಿಂತೆ.

"ಅತ್ತಿ, ಎಷ್ಟೊತ್ತಿನಿಂದ ಹಿಂಗ ಮಾಡಾಕತ್ತೀರಿ?"

"ಗೊತ್ತಿಲ್ಲವಾ. ಸದ್ದು ನಿಂತತಲ್ಲಾ, ಯಾಕ ಅಂತ ನೋಡಾಕ ಬಂದೆ. ಎಲ್ಲಾ ಮ್ಯಾಲೆ ಬಂದು ಬಾಯಿ ತೆರಕೊಂಡು ನಿಂತಿದ್ವು." ಅತ್ತೆ ಕೈ ನಿಲ್ಲಿಸಲಿಲ್ಲ. "ನೀರಾಗ ಇದ್ದು ನೀರು ಬೇಡತಾವಲ್ಲಾ, ಎಂಥಾ ಜೀವ ಇವು! ಸುರದೆ. ಸುರದ ಕಡೆ ಬಂದು ನಿಂತ್ವು. ಮತ್ತ ಬಿಟ್ಟು ಹೆಂಗ ಏಳೂದು?"

ತಂಬಿಗೆ ಇಸಿದುಕೊಂಡೆ. ಅವರ ಬೆರಳು ಬಿಳಿಚಿ ಸುಕ್ಕಾಗಿದ್ದವು. ಕರೆಂಟು ಬರುವವರೆಗೆ ನಾನು ಸುರಿದೆ. ಒಂದು ಮೀನೂ ಸತ್ತಿರಲಿಲ್ಲ. ಗಂಡ ಮನೆಗೆ ಬಂದು ಸುದ್ದಿ ಕೇಳಿದರು. ಆ ವಾರವೇ ಹಳೆಯ ಸ್ಕೂಟರಿನ ಬ್ಯಾಟರಿಯೊಂದನ್ನು ತಂದು, ಕರೆಂಟು ಹೋದರೂ ಗಾಳಿ ಊದುವ ಸಣ್ಣ ಯಂತ್ರವೊಂದನ್ನು ಜೋಡಿಸಿದರು.

ಅಲ್ಲಿಂದ ಮುಂದೆ ಹಸಿರುಮನೆ ಅತ್ತೆಯದಾಯಿತು. ಮಧ್ಯಾಹ್ನ ಸ್ಟೂಲು ಹಾಕಿಕೊಂಡು ಕೂತು ಶೇಂಗಾ ಹಿಂಡಿಯನ್ನು ಪುಡಿಮಾಡಿ ಉದುರಿಸುವರು. ಮೀನುಗಳು ಬೆರಳಿಗೇ ಬಂದು ತಿನ್ನುತ್ತಿದ್ದವು. ಹಾಗೆ ಕೂತಾಗಲೇ ಹೇಳಿದ್ದು. ಸಣ್ಣವರಿದ್ದಾಗ ನಸುಕಿನಲ್ಲಿ ಊರ ಕೆರೆಗೆ ನೀರಿಗೆ ಹೋಗುತ್ತಿದ್ದರಂತೆ. ಕತ್ತಲಲ್ಲಿ ನೀರು ಕಾಣದು, ಕಾಲಿಟ್ಟರೆ ಏನೋ ಬಂದು ಪಾದಕ್ಕೆ ಮೆಲ್ಲಗೆ ಬಾಯಿ ಹಚ್ಚುತ್ತಿತ್ತಂತೆ. "ಮೀನ ಅಂತ ಯಾರೂ ಹೇಳಿದ್ದಿಲ್ಲ ನನಗ. ಕೆರಿನ ನನ್ನ ಮಾತಾಡಸತೈತಿ ಅಂತ ತಿಳಕೊಂಡಿದ್ದೆ," ಎಂದು ನಕ್ಕರು.

ಸೊಪ್ಪನ್ನು ಅವರೇ ಕೊಯ್ಯುವರು, ಅವರೇ ಸೋಸಿ ಪಲ್ಲೆ ಮಾಡುವರು, ಓಣಿಯ ನಾಲ್ಕು ಮನೆಗೆ ಸೂಡು ಕಟ್ಟಿ ಹಂಚುವರು. ತಾವು ಮಾತ್ರ ಕೊನೆಯವರೆಗೂ ಒಂದು ಎಸಳು ತಿನ್ನಲಿಲ್ಲ. ನಾವೂ ಒತ್ತಾಯ ಮಾಡಲಿಲ್ಲ.

ಎರಡನೆಯ ವರ್ಷದ ಚಳಿಗಾಲಕ್ಕೆ ಮೀನುಗಳು ಮೊಳದುದ್ದ ಬೆಳೆದು ತೊಟ್ಟಿ ಸಾಲದಾಯಿತು. ತಿರುಗಲು ಜಾಗವಿಲ್ಲದೆ ಒಂದನ್ನೊಂದು ತಳ್ಳುತ್ತಿದ್ದವು. ಗಂಡನ ಜೊತೆ ಕೆಲಸ ಮಾಡುವವರೊಬ್ಬರು ಬಂದು ನೋಡಿ, "ಕಾಕೂ, ನಮ್ಮ ಮನಿಗೆ ಕೊಡ್ರಿ. ಛಲೋ ಅಡಿಗಿ ಆಗತೈತಿ," ಎಂದರು.

ಅತ್ತೆ ಅವರಿಗೆ ಚಹಾ ಕೊಟ್ಟು, "ತಪ್ಪು ತಿಳಕೋಬ್ಯಾಡಪಾ. ನಿಮ್ಮ ಊಟ ನಿಮ್ಮದು, ಅದಕ್ಕ ನಾ ಏನೂ ಅನ್ನಂಗಿಲ್ಲ. ಆದ್ರ ಇವು ನನ್ನ ಕೈಯಾಗಿಂದು ತಿಂದಾವ," ಎಂದರು. ಆತ ನಕ್ಕು ಒಪ್ಪಿಕೊಂಡರು. ಕಡೆಗೆ ಮೀನುಗಳನ್ನು ಹೆಬ್ಬಳ್ಳಿಗೆ ಸಾಗಿಸಲು ಟೆಂಪೋ ಹೊಂದಿಸಿಕೊಟ್ಟವರೂ ಅವರೇ.

ಹೆಬ್ಬಳ್ಳಿಯಲ್ಲಿ ಅತ್ತೆಯ ತಮ್ಮನ ಹೊಲದಲ್ಲಿ ದೊಡ್ಡ ಹೊಂಡವಿತ್ತು. ಬ್ಯಾರಲ್ಲಿಗೆ ಮೀನು ತುಂಬಿ ಟೆಂಪೋದ ಹಿಂದೆ ಇಟ್ಟೆವು. ಮುಂದೆ ಕೂಡ್ರಿ ಎಂದರೆ ಅತ್ತೆ ಕೇಳಲಿಲ್ಲ. ದಾರಿಯುದ್ದಕ್ಕೂ ಬ್ಯಾರಲ್ಲಿನ ಪಕ್ಕ ಕೂತು ನೀರೊಳಗೆ ಕೈಬಿಟ್ಟಿದ್ದರು. ರಸ್ತೆಯ ಆಚೀಚೆ ಕಡಲೆ, ಬಿಳಿಜೋಳ, ಕರಿಮಣ್ಣಿನ ಮೇಲೆ ತೆಳ್ಳಗೆ ಮಂಜು. ಹೊಂಡದ ದಂಡೆಯಲ್ಲಿ ಬ್ಯಾರಲ್ ಬಾಗಿಸಿದೆವು. ಒಂದು ಸಲ ಬೆನ್ನುಗಳು ಮಿಂಚಿದವು, ಅಷ್ಟೇ. ನೀರು ಮುಚ್ಚಿಕೊಂಡಿತು. ಮರಳುವಾಗ ಅತ್ತೆ ನನ್ನ ಹೆಗಲಿಗೆ ತಲೆಯಿಟ್ಟು ಮಲಗಿಬಿಟ್ಟರು. ಮದುವೆಯಾಗಿ ಬಂದ ಆರು ವರ್ಷದಲ್ಲಿ ಅದೇ ಮೊದಲು. ಮನೆ ಬಂದರೂ ನಾನು ಸ್ವಲ್ಪ ಹೊತ್ತು ಅಲುಗಾಡಲಿಲ್ಲ.

ಹೊಸ ಮರಿ ತಂದೆವು. ಇನ್ನೂ ಕೆಲವು ವರ್ಷ ನೀರು ಸುತ್ತುತ್ತಲೇ ಇತ್ತು.

ಮೀನು ಬಿಟ್ಟುಬಂದ ಮುಂದಿನ ಮಳೆಗಾಲದಲ್ಲೇ ಹೆಬ್ಬಳ್ಳಿಯಿಂದ ಫೋನು ಬಂದಿತ್ತು. ಮಳೆ ಜೋರಾಗಿ ಹೊಂಡ ಒಡೆದು ಹಳ್ಳಕ್ಕೆ ಕೂಡಿಕೊಂಡಿದೆ, ಮೀನೆಲ್ಲ ಹೋಗಿರಬೇಕು ಎಂದು ಅತ್ತೆಯ ತಮ್ಮ ಅಳುಕುತ್ತಲೇ ಹೇಳಿದರು. ಅತ್ತೆ ರಿಸೀವರನ್ನು ಕಿವಿಗೆ ಒತ್ತಿಕೊಂಡು ಎಲ್ಲವನ್ನೂ ಕೇಳಿಸಿಕೊಂಡರು.

"ಹೋಗಲಿ ಬಿಡೋ. ನೀರು ಎಲ್ಲಿತನಾ ಹೋಗತೈತಿ, ಅಲ್ಲಿತನಾ ಹೋಗಲಿ," ಎಂದವರು ಫೋನನ್ನು ನನ್ನ ಕೈಗಿಟ್ಟು, ಒಲೆಯ ಮೇಲೆ ಹಾಲು ಉಕ್ಕುತ್ತದೆಂದು ಒಳಗೆ ಹೋದರು.